ಇಪ್ಪತ್ತು ಬುಟ್ಟಿ ಅದಿರು

ಹಂಚು ಸಾಗಿಸಿ ಪಳಗಿದವನ ಕಣ್ಣಿಗೆ ಅದಿರು ಮೋಸ ಮಾಡುತ್ತದೆ. ಮಂಗಳೂರು ಬಂದರಿನಲ್ಲಿ ಈ ಪಾಠವನ್ನು ಮೊಯ್ದೀನಬ್ಬನಷ್ಟು ಬೆಲೆ ತೆತ್ತು ಕಲಿತವನು ಇನ್ನೊಬ್ಬನಿಲ್ಲ.

ಆತ ಮಂಜಿಯ ತಂಡೇಲ, ಅಂದರೆ ಅದನ್ನು ನಡೆಸುವ ಮುಖ್ಯಸ್ಥ. ಆ ಕಾಲದಲ್ಲಿ ದೊಡ್ಡ ಹಡಗುಗಳು ದಡಕ್ಕೆ ಬರುತ್ತಿರಲಿಲ್ಲ, ದೂರ ಕಡಲಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ಅಲ್ಲಿಯವರೆಗೆ ಸರಕು ಮುಟ್ಟಿಸುವುದು ಮಂಜಿಗಳೆಂಬ ಮರದ ಹಾಯಿದೋಣಿಗಳ ಕೆಲಸ. ಇಪ್ಪತ್ತೈದು ವರ್ಷ ಆತ ಹಂಚು ಸಾಗಿಸಿದ್ದ. ಹಂಚು ತುಂಬುವಾಗ ತಂಡೇಲ ಮಂಜಿಯ ಹೊಟ್ಟೆಯೊಳಗೇ ಇಳಿದು ನಿಲ್ಲಬೇಕು. ನಡುವೆ ಬೈಹುಲ್ಲಿಟ್ಟು, ಹಂಚುಗಳನ್ನು ನೆಟ್ಟಗೆ ಜೋಡಿಸಿ, ಮೇಲಂಚಿನ ಮಟ್ಟಕ್ಕೆ ಬರುವವರೆಗೆ ತುಂಬಿಸಬೇಕು. ಹೊಟ್ಟೆ ತುಂಬಿದ ಮಂಜಿ ನೆಟ್ಟಗೆ ಹೋಗುತ್ತದೆ, ಅರೆಹೊಟ್ಟೆಯದು ಹೊಯ್ದಾಡುತ್ತದೆ. ಅರೆಹೊಟ್ಟೆಯಲ್ಲಿ ಹೊರಟ ತಂಡೇಲನನ್ನು ನೋಡಿ ಬಂದರಿಗೆ ಬಂದರೇ ನಗುತ್ತಿತ್ತು.

ಐವತ್ತರ ದಶಕದಲ್ಲಿ ಕಬ್ಬಿಣದ ಅದಿರು ಬಂತು. ದೇಶಕ್ಕೆ ಕಾರ್ಖಾನೆ ಬೇಕು, ಕಾರ್ಖಾನೆಗೆ ಯಂತ್ರ ಬೇಕು, ಯಂತ್ರಕ್ಕೆ ಡಾಲರ್ ಬೇಕು. ಡಾಲರ್ ಇದ್ದದ್ದು ಘಟ್ಟದ ಮೇಲಿನ ಬೆಟ್ಟಗಳ ಹೊಟ್ಟೆಯಲ್ಲಿ. ಬೆಟ್ಟವನ್ನು ಅಗೆದು, ಲಾರಿಗಳಲ್ಲಿ ಘಟ್ಟ ಇಳಿಸಿ, ಬಂದರಿನಲ್ಲಿ ಕೆಂಪು ರಾಶಿ ಸುರಿದರು. ಅದು ಹಡಗು ಹತ್ತಿ ಜಪಾನಿಗೆ ಹೋಗಿ, ಯಂತ್ರವಾಗಿ ನಮಗೇ ಮರಳುತ್ತದಂತೆ! ದೊಡ್ಡವರ ಲೆಕ್ಕ ದೊಡ್ಡವರಿಗೇ ಗೊತ್ತು. ಬಂದರಿನವರು ಕಂಡದ್ದು ಇಷ್ಟೇ: ಆ ಬೆಟ್ಟ ದಡದಿಂದ ಮಂಜಿಗೆ ಹೋಗುತ್ತಿದ್ದದ್ದು ದೇಯಿ ಎಂಬ ಕೂಲಿಯವಳಂಥ ಹೆಂಗಸರ ತಲೆಯ ಮೇಲೆ, ಬುಟ್ಟಿ ಬುಟ್ಟಿಯಾಗಿ.

ಅದಿರಿನ ಭಾರವೇ ಬೇರೆ. ಮಂಜಿಯ ಹೊಟ್ಟೆಯ ಕಾಲು ಭಾಗ ತುಂಬುವಷ್ಟರಲ್ಲಿ ಇದಕ್ಕಿಂತ ಹೆಚ್ಚು ಮುಳುಗಬಾರದೆಂದು ಹೊರಗೆ ಬಳಿದ ಬಿಳಿ ಗೆರೆ ನೀರಿಗೆ ತಾಗುತ್ತದೆ. ಅದನ್ನು ತುಂಬುವಾಗ ದಡದಲ್ಲಿ ನಿಂತು ಗೆರೆ ನೋಡಬೇಕೇ ಹೊರತು ಒಳಗಿಳಿಯಬಾರದು. ಮೊಯ್ದೀನಬ್ಬನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಗೊತ್ತಿರುವುದು ಬೇರೆ, ಕಾಲು ಅಭ್ಯಾಸ ಬಿಡುವುದು ಬೇರೆ.

ಅರವತ್ತೊಂದರ ಮೇ ತಿಂಗಳು. ಮಳೆಗಾಲಕ್ಕೆ ಬಂದರು ಮುಚ್ಚುವ ಮೊದಲಿನ ಕೊನೆಯ ಹಡಗು. ಆತ ಎಂದಿನಂತೆ ಒಳಗಿಳಿದು ನಿಂತಿದ್ದ. ಅದಿರು ಸಾಹುಕಾರರ ಗುಮಾಸ್ತ ಜಯ ಮೇಲಿನಿಂದ ಇಣುಕಿ ನಕ್ಕ.

"ಎಂತ ತಂಡೇಲ್ರೇ, ಹೊಟ್ಟೆಯೆಲ್ಲ ಖಾಲಿ ಉಂಟಲ್ಲ! ಉಪವಾಸವಾ?"

ತಮಾಷೆಯ ಮಾತು. ಜಯ ಅಷ್ಟಕ್ಕೇ ಬಿಟ್ಟು ಲಾರಿಯ ಕಡೆ ಹೋದ. ಮೊಯ್ದೀನಬ್ಬನಿಗೆ ಮಾತ್ರ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆಯ ಹುಡುಗ ತನಗೆ ಹೇಳುವುದೇ?

"ಇನ್ನೂ ಇಪ್ಪತ್ತು ಬುಟ್ಟಿ ತನ್ನಿ" ಎಂದು ಕೂಗಿದ.

ದಡದಿಂದ ಮಂಜಿಗೆ ಹಾಕಿದ ಹಲಗೆಯ ಮೇಲಿದ್ದ ದೇಯಿ ನೀರಿನತ್ತ ನೋಡಿ ನಿಂತಳು. "ಸಾಕು ತಂಡೇಲ್ರೇ, ಗೆರೆ ಕಾಣುವುದಿಲ್ಲ. ಇದರ ಭಾರ ನಿಮ್ಮ ಕಣ್ಣಿಗೆ ಗೊತ್ತಿಲ್ಲ, ನನ್ನ ತಲೆಗೆ ಗೊತ್ತುಂಟು."

"ಹೊರುವವಳು ಹೊರು ಮಾರಾಯ್ತಿ. ಮಂಜಿ ನಡೆಸುವವನು ನಾನು."

ಇಪ್ಪತ್ತು ಬುಟ್ಟಿ ಬಿತ್ತು. ನದಿಯಲ್ಲಿ ಏನೂ ಆಗಲಿಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಿ ಮೊದಲ ದೊಡ್ಡ ತೆರೆಗೆ ಮಂಜಿ ಏಳಲೇ ಇಲ್ಲ. ಹಂಚು ತುಂಬಿದ ಮಂಜಿ ಮುಳುಗುವಾಗಲೂ ನಾಲ್ಕು ಉಸಿರಿನ ಸಮಯ ಕೊಡುತ್ತದೆ, ಅದಿರು ಅಷ್ಟನ್ನೂ ಕೊಡಲಿಲ್ಲ. ಮೊಯ್ದೀನಬ್ಬ ಸೇರಿ ನಾಲ್ವರು ಈಜಿ ಬದುಕಿದರು. ಹಾಯಿಯ ಹಗ್ಗ ಹಿಡಿದಿದ್ದ ಉಸ್ಮಾನ್ ಮೇಲೆ ಬರಲಿಲ್ಲ. ಅವನು ಮೊಯ್ದೀನಬ್ಬನ ಮಗಳು ಸುಹರಾಳ ಗಂಡ. ಅವಳು ಆಗ ಐದು ತಿಂಗಳ ಬಸುರಿ.

ವಿಚಾರಣೆಯಲ್ಲಿ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: "ಹೆಚ್ಚು ತುಂಬಿಸಲು ಹೇಳಿದ್ದು ಯಾರು?"

ನಿಜ ಹೇಳಿದರೆ ಮಗಳ ಮುಖ ನೋಡುವುದು ಹೇಗೆ? ಮೊಯ್ದೀನಬ್ಬ ತಲೆ ತಗ್ಗಿಸಿ, "ಗುಮಾಸ್ತ ಹೇಳಿದ" ಎಂದ. ಜಯ ಎದುರಾಡಲಿಲ್ಲ. ತನ್ನ ತಮಾಷೆಯಿಂದಲೇ ಒಂದು ಜೀವ ಹೋಯಿತೆಂದು ಅವನು ನಿಜವಾಗಿ ನಂಬಿದ್ದ. ಬಾಗಿಲಾಚೆ ನಿಂತಿದ್ದ ದೇಯಿಯನ್ನು ಯಾರೂ ಒಳಗೆ ಕರೆಯಲಿಲ್ಲ, ಬುಟ್ಟಿ ಹೊರುವವಳ ಸಾಕ್ಷಿ ಯಾರಿಗೆ ಬೇಕು? ಜಯನ ಕೆಲಸ ಹೋಯಿತು. ಉಸ್ಮಾನನನ್ನು ಕೊಂದವನೆಂಬ ಹೆಸರು ಹೊತ್ತ ಮೇಲೆ ಇನ್ನೊಂದು ಅಂಗಡಿಯವರೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಸುಹರಾ ಅವನಿಗೆ ದಿನಾ ಶಾಪ ಹಾಕುತ್ತಿದ್ದಳು, ಅಪ್ಪ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದ. ಹುಟ್ಟಿದ ಮಗು ನಾಝಿಮಾ ಅವನ ಮಡಿಲಲ್ಲೇ ಬೆಳೆಯಿತು.

ಮೂರು ವರ್ಷದ ಮೇಲೆ, ಅದಿರಿನ ಹಡಗುಗಳು ನೇರ ದಡಕ್ಕೇ ಬರಲೆಂದು ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ನಡೆದಿತ್ತು. ಮಂಜಿಯವರಿಗೂ ಅಲ್ಲಿ ಕೆಲಸ ಸಿಕ್ಕೀತೇ ಎಂದು ವಿಚಾರಿಸಲು ಮೊಯ್ದೀನಬ್ಬ ಹೋದ. ಮಣ್ಣು ಹೊರುವವರ ಸಾಲಿನಲ್ಲಿ ಜಯನಿದ್ದ. ಬೆನ್ನು ಬಾಗಿತ್ತು. ಬುಟ್ಟಿ ಇಳಿಸಿ ಓಡಿ ಬಂದ.

"ತಂಡೇಲ್ರೇ, ಉಸ್ಮಾನನ ಮಗು ಹೇಗುಂಟು? ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ಅದಕ್ಕೆ ಅಪ್ಪ ಇರ್ತಿದ್ದ ಅಲ್ವಾ?"

ಮೊಯ್ದೀನಬ್ಬ ತಿರುಗಿ ನಡೆದ. ದಾರಿಯುದ್ದಕ್ಕೂ ಕಣ್ಣೀರು ಸುರಿಯಿತು. ಮನೆಗೆ ಬಂದವನೇ ಮಗಳನ್ನು ಕೂರಿಸಿ ಎಲ್ಲ ಹೇಳಿಬಿಟ್ಟ.

ಸುಹರಾ ಕಿರುಚಲಿಲ್ಲ. ಎದ್ದು, ಅವನ ಮಡಿಲಲ್ಲಿದ್ದ ಮಗುವನ್ನು ಎತ್ತಿಕೊಂಡಳು.

"ಮೂರು ವರ್ಷ ನನ್ನ ಬಾಯಿಂದ ಆ ನಿರಪರಾಧಿಗೆ ಶಾಪ ಹಾಕಿಸಿದಿರಲ್ಲ ಬಾಪಾ. ಹೋಗಿ ಅವರಿಗೆ ಹೇಳಿ, ನಾಲ್ಕು ಜನರ ಎದುರು ಹೇಳಿ. ಹೇಳುವವರೆಗೆ ಈ ಮಗುವನ್ನು ಮುಟ್ಟಬೇಡಿ."

ಮರುದಿನ ಮಧ್ಯಾಹ್ನ ಕೂಲಿಯವರೆಲ್ಲ ಗಂಜಿಗೆ ಕುಳಿತಿದ್ದಾಗ ಮೊಯ್ದೀನಬ್ಬ ಜಯನ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: "ಇಪ್ಪತ್ತು ಬುಟ್ಟಿ ಕೇಳಿದ್ದು ನಾನು. ನಿನ್ನದೇನೂ ತಪ್ಪಿಲ್ಲ. ವಿಚಾರಣೆಯಲ್ಲಿ ನಾನು ಸುಳ್ಳು ಹೇಳಿದೆ."

ಬೈದಾನು, ಹೊಡೆದಾನು ಎಂದು ಕಾದ. ಜಯ ಗಂಜಿಯ ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟ.

"ನನ್ನ ಅಮ್ಮ ಹೋದ ವರ್ಷ ತೀರಿಕೊಂಡರು ತಂಡೇಲ್ರೇ. ಮಗ ಒಂದು ಜೀವ ತೆಗೆದ ಅಂತ ಕೊರಗಿ ಕೊರಗಿಯೇ ಹೋದರು. ಅವರಿಗೆ ಇನ್ನು ಯಾರು ಹೇಳುವುದು?"

ಸಂಜೆ ಮನೆಯಲ್ಲಿ ಸುಹರಾ, "ಹೇಳಿದಿರಾ?" ಎಂದಳು. ಮೊಯ್ದೀನಬ್ಬ ಹೌದೆಂದು ತಲೆಯಾಡಿಸಿದ. ಅವಳು ಮಗುವನ್ನು ತಂದು ಎದುರು ನಿಲ್ಲಿಸಿದಳು. ಮಗು ಕೈ ಚಾಚಿತು. ಜಯನ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ; ಆತ ಮುಟ್ಟಲಿಲ್ಲ.