ಗಾಜಿಗೆ ಅಂಟಿದ ಹಳದಿ ಹೂ

ಚಿತ್ರಗಳಿಗೆ ಕಟ್ಟು ಹಾಕುವ ಆ ಹೆಂಗಸನ್ನು ಬೀದಿಯವರೆಲ್ಲ ಗಾಜಿನಕ್ಕ ಎಂದೇ ಕರೆಯುತ್ತಿದ್ದರು. ಮರ ಕೊಯ್ದು ಮೂಲೆ ಕೂಡಿಸುವುದು ಗಂಡನ ಕೆಲಸ, ಗಾಜು ಕತ್ತರಿಸಿ ಕೂರಿಸುವುದು ಇವಳದು. ಮದುವೆಯ ಫೋಟೋ ಬರಲಿ, ತೀರಿಕೊಂಡವರ ಫೋಟೋ ಬರಲಿ, ಮೇಲೊಂದು ಗಾಜು ಬೀಳದೆ ಅಂಗಡಿಯಿಂದ ಹೊರಗೆ ಹೋಗುತ್ತಿರಲಿಲ್ಲ.

"ಗಾಜಿಲ್ಲದ ಚಿತ್ರ ಬಾಗಿಲಿಲ್ಲದ ಮನೆ ಇದ್ದ ಹಾಗೆ" ಎನ್ನುವಳು.

"ಇವಳ ಕೈಗೆ ಸಿಕ್ಕಿದ್ರೆ ಚಂದ್ರನಿಗೂ ಒಂದು ಗಾಜು ಹಾಕ್ತಾಳೆ" ಎಂದು ಗಂಡ ಗರಗಸದ ಪುಡಿ ಊದುತ್ತ ನಗುವನು.

ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಕಣ್ಣು ಮುಚ್ಚಿ, ಇವತ್ತು ಯಾರ ವಸ್ತುವೂ ನನ್ನ ಕೈಯಲ್ಲಿ ಕೆಡದಿರಲಿ ಎಂದು ಬೇಡಿಕೊಳ್ಳುವುದು ಅವಳ ರೂಢಿ.

ವಸಂತ ಮುಗಿಯುತ್ತಿದ್ದಾಗ ಹಿಂದಿನ ಓಣಿಯ ಟೈಲರಮ್ಮ ಹಳೆಯ ಸೀರೆಯಲ್ಲಿ ಸುತ್ತಿದ ಕ್ಯಾನ್ವಾಸು ಹಿಡಿದು ಬಂದರು. ಗಾಜಿನಕ್ಕನ ಶಾಲೆಯ ಅಂಗಿಯನ್ನೂ ಹೊಲಿದ ಕೈ ಅದು. ಈಗ ಅವರ ಕಣ್ಣಿನ ಬೆಳಕು ದಿನದಿನಕ್ಕೆ ಇಳಿಯುತ್ತಿತ್ತು. ಅದನ್ನು ನಿಲ್ಲಿಸುವ ಔಷಧಿಯಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಸೂಜಿಗೆ ದಾರ ಪೋಣಿಸಲಾಗದೆ ಹೊಲಿಗೆ ಯಂತ್ರ ಮುಚ್ಚಿಟ್ಟ ಮೇಲೆ ಅವರು ಎಣ್ಣೆ ಬಣ್ಣ ಹಿಡಿದಿದ್ದರು.

"ರೈಲು ಹಳಿ ಆಚೆ ಖಾಲಿ ಜಾಗದಲ್ಲಿ ಹೂ ಬಿಟ್ಟಿತ್ತಲ್ಲ, ಅದೇ ಕಣೆ. ಕಿತ್ತು ತಂದು ಬಾಟಲಿಲಿ ಇಟ್ಕೊಂಡು ಬರೆದೆ. ಇಷ್ಟು ದಿನ ನೋಡಿದ್ದೆಲ್ಲ ಬೇರೆಯವರ ಅಳತೆ. ಕಣ್ಣು ಪೂರಾ ಹೋಗೋ ಮುಂಚೆ ನನಗೋಸ್ಕರ ಒಂದ್ಸಲ ನೋಡ್ಬೇಕು ಅನ್ನಿಸ್ತು."

ಬಾಟಲಿಯ ತುಂಬ ಯಾರೂ ನೆಟ್ಟು ನೀರೆರೆಯದ ಹೂಗಳು: ಬಿಳಿ ಚುಕ್ಕೆಗಳು, ನೇರಳೆ ಗೊಂಚಲು, ಎಲ್ಲಕ್ಕಿಂತ ಮುಂದೆ ಒಂದು ಹಳದಿ ಹೂ. ಗೆರೆ ಕಾಣದ ಕಡೆ ಅವರು ಬೆರಳಿನಿಂದಲೇ ಬಣ್ಣ ಮೆತ್ತಿದ್ದರು. ಹಳದಿ ಎಸಳುಗಳು ಎದ್ದು ನಿಂತಿದ್ದವು.

"ಗಾಜು ಮಾತ್ರ ಬೇಡ. ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಇನ್ನೂ ಹಸಿ" ಎಂದು ಹೇಳಿ ಹೋದರು.

ಗಾಜಿನಕ್ಕ ಒಂದು ಎಲೆಯನ್ನು ಮುಟ್ಟಿ ನೋಡಿದಳು. ಒಣಗಿತ್ತು. ಅಷ್ಟು ಚಂದದ ಹೂವಿನ ಮೇಲೆ ಧೂಳು ಕೂತರೆ ಆ ಕಣ್ಣು ಮಂಜಾದ ಜೀವ ಹೇಗೆ ಒರೆಸೀತು? ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡು ಗಾಜು ಕೂರಿಸಿ, ಹಿಂದೆ ರಟ್ಟು ಒತ್ತಿ ಮೊಳೆ ಹೊಡೆದಳು. ಟೈಲರಮ್ಮ ಜ್ವರ ಬಂದು ಮಲಗಿದ್ದರಿಂದ ಕಟ್ಟು ಅಂಗಡಿಯಲ್ಲೇ ಉಳಿಯಿತು. ಬಿಸಿಲೇರಿತು. ಒಂದು ಮಧ್ಯಾಹ್ನ ಗಾಜಿನೊಳಗೆ ಹಳದಿ ಹೂ ಅಪ್ಪಚ್ಚಿಯಾದದ್ದು ಕಂಡು ಅವಸರದಲ್ಲಿ ಮೊಳೆ ಕಿತ್ತಳು. ಗಾಜು ಮೇಲೆದ್ದಾಗ ಹೂವೂ ಅದರ ಜೊತೆಗೇ ಎದ್ದು ಬಂತು.

ಹೊಸ ಹೂವನ್ನಾದರೂ ತಂದುಕೊಡೋಣವೆಂದು ಹಳಿ ದಾಟಿ ಹೋದಳು. ಅಲ್ಲಿ ಒಣಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

"ಅವರಿಗೆಲ್ಲಿ ಕಾಣುತ್ತೆ? ನೀನೇ ಒಂಚೂರು ಹಳದಿ ಹಚ್ಚಿಬಿಡು" ಎಂದ ಗಂಡ.

ಆ ಮಾತು ಕಿವಿಗೆ ಹಿತವಾಗಿತ್ತು. ಪೇಟೆಯಿಂದ ಎಣ್ಣೆ ಬಣ್ಣ ತಂದು, ಉಸಿರು ಬಿಗಿಹಿಡಿದು, ಹೂ ಕಿತ್ತ ಜಾಗದಲ್ಲಿ ಇನ್ನೊಂದು ಹೂ ಬರೆದಳು. ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ನಿಂತರೆ ಬೇಡಿಕೊಳ್ಳಲು ಮಾತೇ ಬರಲಿಲ್ಲ. ಗಾಜನ್ನು ಎಸೆಯಲೂ ಕೈ ಬಾರದೆ ರಟ್ಟುಗಳ ಹಿಂದೆ ಬಚ್ಚಿಟ್ಟಳು.

ಗುಣವಾಗಿ ಬಂದ ಟೈಲರಮ್ಮ ಚಿತ್ರವನ್ನು ಕಣ್ಣಿಗೆ ಹಿಡಿಯಲೇ ಇಲ್ಲ. ಮಡಿಲಲ್ಲಿಟ್ಟುಕೊಂಡು ಬೆರಳು ಆಡಿಸಿದರು. ಬಿಳಿ ಹೂ, ನೇರಳೆ ಹೂ, ಹಳದಿ ಹೂ. ಅಲ್ಲಿ ಬೆರಳು ನಿಂತಿತು.

"ಈ ತೇಪೆ ಯಾರು ಹಾಕಿದ್ದು?"

ಗಂಡ ಗರಗಸ ಕೆಳಗಿಟ್ಟು ಮೆಲ್ಲನೆ ಹಿತ್ತಲಿಗೆ ನಡೆದ.

"ನಾನೇ, ಅಮ್ಮ. ಗಾಜು ಹಾಕಿದ್ದೆ. ಹೂ ಅಂಟಿಕೊಂಡು ಬಂದುಬಿಡ್ತು."

"ಬೇಡ ಅಂದಿದ್ದೆ. ಕೇಳಿಸಿತ್ತಾ?"

"ಕೇಳಿಸಿತ್ತು."

"ಹೂ ಕಿತ್ತಿದ್ದು ಕೈತಪ್ಪು ಅಂತ ಇಟ್ಕೊಳ್ಳೋಣ. ನಾನೂ ಎಷ್ಟೋ ಜನರ ಬಟ್ಟೆ ಕೆಡಿಸಿದೀನಿ. ಆದ್ರೆ ಕೆಡಿಸಿದೆ ಅಂತ ಹೇಳಿದೀನಿ. ಈ ಮುದುಕಿಗೆ ಕಣ್ಣು ಕಾಣಲ್ಲ ಅಂತ ತಾನೆ ಈ ತೇಪೆ ಹಾಕಿದ್ದು?"

ಅವಳು ಸೆರಗಿನ ತುದಿ ಹಿಂಡುತ್ತ ನಿಂತಳು.

"ಮುಂದಿನ ವಸಂತಕ್ಕೆ ನಾನೇ ಹೂ ತಂದುಕೊಡ್ತೀನಿ, ಅಮ್ಮ. ಮತ್ತೆ ಬರೀರಿ."

"ಹೂ ಬರುತ್ತೆ. ಅಷ್ಟೊತ್ತಿಗೆ ನನ್ನ ಕಣ್ಣು ಎಲ್ಲಿರುತ್ತೋ." ಬೆರಳಿಗಂಟಿದ ಬಣ್ಣವನ್ನು ಒರೆಸಿಕೊಂಡು ಹೇಳಿದರು, "ನಿನ್ನದನ್ನ ಒರೆಸಿಬಿಡು. ಜಾಗ ಖಾಲಿ ಇರ್ಲಿ."

ಅವಳ ಬಣ್ಣವಿನ್ನೂ ಹಸಿಯಿತ್ತು, ಸುಲಭವಾಗಿ ಹೋಯಿತು. ಉಳಿದದ್ದು ಬೋಳು ಕ್ಯಾನ್ವಾಸು. ಟೈಲರಮ್ಮ ಗಾಜನ್ನು ಕೇಳಿ ತರಿಸಿ, ಅದಕ್ಕಂಟಿದ ಎಸಳುಗಳನ್ನು ಒಂದೊಂದಾಗಿ ಮುಟ್ಟಿ ಹಿಂದಕ್ಕೆ ಕೊಟ್ಟರು.

"ಇದು ನಿನ್ನ ಹತ್ರಾನೇ ಇರ್ಲಿ."

ಅವಳು ಅದನ್ನು ಕೆಲಸದ ಮೇಜಿನೆದುರಿನ ಗೋಡೆಗೆ ಒರಗಿಸಿಟ್ಟಳು. ಬಂದವರನ್ನು ಗಾಜು ಬೇಕೋ ಬೇಡವೋ ಎಂದು ಕೇಳತೊಡಗಿದಳು. ಹೌದು ಎಂದರೂ ಇನ್ನೊಮ್ಮೆ ಕೇಳುವಳು. ಗಂಡ ಮತ್ತೆ ಚಂದ್ರನ ಮಾತೆತ್ತಲಿಲ್ಲ.

ಮರುವಸಂತದಲ್ಲಿ ಹಳಿಯಾಚೆ ಮೊದಲ ಹೂ ಕಂಡ ದಿನವೇ ಹಿಡಿತುಂಬ ಕಿತ್ತು ಓಡಿದಳು. ಟೈಲರಮ್ಮನ ಮನೆಯಲ್ಲಿ ಬಣ್ಣದ ಡಬ್ಬಿ ಮುಚ್ಚಿತ್ತು. ಅವರು ಕಾಲಿನ ಸದ್ದು ಬಂದ ಕಡೆಗೆ ಮುಖ ತಿರುಗಿಸಿದರು. ಮಡಿಲಲ್ಲಿಟ್ಟ ಹೂಗಳನ್ನು ಸವರಿ ಒಂದನ್ನು ಆರಿಸಿ ಎತ್ತಿದರು.

"ಹಳದಿ ಇದೇ ತಾನೆ?"

"ಹೌದಮ್ಮ."

"ಎಂಥ ಹಳದಿ? ಮರೆತು ಹೋಗ್ತಾ ಇದೆ ಕಣೆ."

ಗಾಜಿನಕ್ಕ ವರ್ಷವಿಡೀ ಮೇಜಿನೆದುರು ನೋಡಿದ ಬಣ್ಣ ಅದು.

"ನಿಮ್ಮದೇ ಹಳದಿ, ಅಮ್ಮ. ನನ್ನ ಗಾಜಿನ ಮೇಲಿದೆಯಲ್ಲ, ಅದೇ."