ರುಮಾಲು ಉಳಿಯಿತು

ಗುರವ್ವ, ನಿನ್ನ ಕೊರಳಿನ ಲಿಂಗ ಕಳೆದವನು ನಾನು. ನಿನ್ನ ಅವ್ವ ಅಲ್ಲ.

ಮೊದಲ ಸಾಲಿನಲ್ಲಿಯೇ ಬರೆದುಬಿಟ್ಟೆ. ಇಷ್ಟು ವರ್ಷ ಸೇಡಮ್ಮಿನ ಕಚೇರಿಯಲ್ಲಿ ಕೂತು ಕಂಡಕಂಡವರ ಬಯಾನು, ಅಂದರೆ ಹೇಳಿಕೆ, ಬರೆದುಕೊಂಡವನು ನಾನು. ಮುಖ್ಯ ಮಾತನ್ನು ಕೊನೆಗಿಟ್ಟುಕೊಂಡು ಮಳೆ, ಬೆಳೆ, ಎತ್ತಿನ ಕಾಲುನೋವು ಎಂದು ಊರೆಲ್ಲ ಸುತ್ತಾಡಿಸುವವನು ಸುಳ್ಳುಗಾರ ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಬಯಾನುಗಳೆಲ್ಲ ಉರ್ದುವಿನಲ್ಲಿ. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ — ನಿನ್ನ ಬೆರಳು ಹಿಡಿದು ಮರಳಿನ ಮೇಲೆ ನಾನು ತಿದ್ದಿಸಿದ್ದು ಈ ಅಕ್ಷರ. ಇನ್ನೂ ಒಂದು ಕಾರಣವುಂಟು. ಕಚೇರಿಯ ಉರ್ದು ಬಹಳ ಮರ್ಯಾದಸ್ಥ ಭಾಷೆ. ಅದರಲ್ಲಿ ಎಮ್ಮೆ ಕದ್ದವನೂ ಅದಬು-ಮರ್ಯಾದೆಯಿಂದಲೇ ಹುಜೂರಿನೆದುರು ಹಾಜರಾಗುತ್ತಾನೆ. ಅಷ್ಟು ಮರ್ಯಾದೆ ನನಗೆ ಸಲ್ಲದು.

ನೀನು ವಾಡಿಯಿಂದ ಬರೆದ ಕಾಗದ ಮೊನ್ನೆ ಮುಟ್ಟಿತು. ಎರಡನೆಯ ಬಾಣಂತನಕ್ಕೆ ತವರಿಗೆ ಬರಲೋ ಬೇಡವೋ ಎಂದು ಕೇಳಿದ್ದೀಯೆ. ಅವ್ವನಿಗೆ ತ್ರಾಸು ಬೇಡ, ಅತ್ತೆಯ ಮನೆಯಲ್ಲೇ ಆಗಲಿ ಎಂದಿದ್ದೀಯೆ. ಅದರ ಕೆಳಗೆ, ಬರೆದು ಅಳಿಸಿ ಮತ್ತೆ ಬರೆದ ಸಾಲು — 'ಮೊಮ್ಮಗನಿಗೆ ದಿನಾ ನೀರೆರೆದ ಅವ್ವ ನನಗೆ ಒಂದು ದಿನವಾದರೂ ಎರೆದದ್ದು ನೆನಪಿಲ್ಲ.' ಮತ್ತೆ ಅದೇ ಕಾಗದದ ತಲೆಯ ಮೇಲೆ ನನಗೆ 'ತೀರ್ಥರೂಪರಿಗೆ' ಎಂದು ಬರೆದಿದ್ದೀಯೆ. ಈ ಎರಡು ಸಾಲು ಒಂದೇ ಕಾಗದದಲ್ಲಿರುವುದು ನ್ಯಾಯವಲ್ಲ. ಅದಕ್ಕೇ ಈ ಉತ್ತರ.

ನಿನಗಾಗ ಹತ್ತು ತಿಂಗಳು. ನಾನಿನ್ನೂ ಕಚೇರಿಯಲ್ಲಿ ಉಮೇದವಾರ — ಅಂದರೆ ಸಂಬಳವಿಲ್ಲದೆ ಕೆಲಸ ಮಾಡುತ್ತ, ಸಲಾಮಿನ ಮೇಲೆ ಜೀವ ಇಟ್ಟುಕೊಂಡವನು. ಅಂದು ಶುಕ್ರವಾರ, ಕಚೇರಿಗೆ ರಜೆ. ನಿನ್ನ ಅವ್ವ ಬೆಳಿಗ್ಗೆ ನಿನಗೆ ಎರೆದು, ತೊಟ್ಟಿಲಲ್ಲಿ ಹಾಕಿ, ತೊಗರಿ ರಾಶಿಗೆಂದು ಹೊಲಕ್ಕೆ ಹೊರಟಳು. ನಿನ್ನ ಅಜ್ಜಿ, ಅಂದರೆ ನನ್ನ ತಾಯಿ, ಮಠಕ್ಕೆ ಹೋಗಿದ್ದಳು. ಹೊಸ್ತಿಲು ದಾಟುವಾಗ ನಿನ್ನ ಅವ್ವ ತಿರುಗಿ ನೋಡಿ ಹೇಳಿದಳು, "ಹೊಳಿಗಿ ಮಾತ್ರ ಒಯ್ಯಬ್ಯಾಡ್ರಿ. ಕೂಸಿಗಿ ನೆಗಡ್ಯಾಗ್ಯಾದ."

ಒಯ್ದೆ. ಹೆಂಡತಿ ಬೇಡವೆಂದದ್ದನ್ನು ಮಾಡುವುದರಲ್ಲಿ ಒಂದು ಗಂಡಸುತನ ಇದೆಯೆಂದು ಆ ವಯಸ್ಸಿನಲ್ಲಿ ನಂಬಿದ್ದೆ.

ಕಾಗಿಣೆ ಹೊಳೆಯಲ್ಲಿ ಮೊಣಕಾಲಮಟ್ಟ ನೀರು. ನಿನ್ನನ್ನು ಅದ್ದಿ ಎತ್ತಬೇಕು, ನೀನು ಕೇಕೆ ಹಾಕಬೇಕು — ಇಷ್ಟೇ ನನ್ನ ಆಸೆ. ಆದರೆ ನಾನು ಬುದ್ಧಿವಂತನಲ್ಲವೇ? ಕೊರಳಿನ ದಾರ ತೋಯ್ದರೆ ಎಳೆ ಚರ್ಮಕ್ಕೆ ಕಚ್ಚೀತೆಂದು, ನೆಲ್ಲಿಕಾಯಿಯಷ್ಟು ಬೆಳ್ಳಿಯ ಕರಡಿಗೆಯಲ್ಲಿದ್ದ ನಿನ್ನ ಲಿಂಗವನ್ನು ದಾರ ಸಮೇತ ಬಿಚ್ಚಿದೆ. ಹುಟ್ಟಿದಾಗ ಕಟ್ಟಿದ್ದನ್ನು ಮಣ್ಣಿಗೆ ಹೋಗುವವರೆಗೂ ಮೈಯಿಂದ ಅಗಲಿಸಬಾರದು ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಬಿಚ್ಚಿ, ನನ್ನ ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿದೆ — ನಶ್ಯದ ಪೊಟ್ಟಣ, ಲೇಖನಿಯ ಮುಳ್ಳು ಇರುತ್ತಿದ್ದ ಜಾಗ. ತಲೆಯ ಮೇಲೆ ದೇವರನ್ನು ಹೊತ್ತಿದ್ದೇನೆ, ಇದರಲ್ಲಿ ತಪ್ಪೇನು ಎಂದು ಮನಸ್ಸಿಗೆ ಸಮಜಾಯಿಷಿಯನ್ನೂ ಕೊಟ್ಟೆ.

ಆಗ ನಮ್ಮ ಕಚೇರಿಯ ಸಾಹೇಬರ ಟಾಂಗಾ ಹೊಳೆ ದಾಟತೊಡಗಿತು. ನನ್ನ ನೌಕರಿ ಆ ಸಾಹೇಬರ ಒಂದು ಸಹಿಯಲ್ಲಿತ್ತು. ಎಡಗೈಯಲ್ಲಿ ನಿನ್ನನ್ನು ಅವುಚಿಕೊಂಡು, ನೀರಿನಲ್ಲಿ ನಿಂತಲ್ಲಿಯೇ, ನೆಲ ಮುಟ್ಟುವಂಥ ಸಲಾಮು ಹೊಡೆದೆ. ರುಮಾಲು ಜಾರಿತು. ಬಲಗೈಯಿಂದ ಚಕ್ಕನೆ ಹಿಡಿದೆ — ಎಷ್ಟು ಚುರುಕಾಗಿ ಹಿಡಿದೆನೆಂದರೆ, ಇವತ್ತಿಗೂ ಆ ಕೈಚಳಕ ನೆನೆದು... ಇರಲಿ. ರುಮಾಲು ಉಳಿಯಿತು. ಸಾಹೇಬರು ನೋಡಲಿಲ್ಲ. ಶಿಕಾರಿ ಮುಗಿಸಿ ಬರುತ್ತಿದ್ದರು, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು.

ಮನೆಗೆ ಬಂದು ನಿನ್ನನ್ನು ಒರೆಸಿ, ತೊಟ್ಟಿಲಿಗೆ ಹಾಕಿ ರುಮಾಲು ಬಿಚ್ಚಿದೆ. ನಶ್ಯ ಇತ್ತು. ಮುಳ್ಳು ಇತ್ತು. ಲಿಂಗ ಇರಲಿಲ್ಲ.

ನೀನು ನಿದ್ದೆಹೋದ ಮೇಲೆ ಪಕ್ಕದ ಮನೆಯವರಿಗೆ ಕಿವಿ ಇಟ್ಟಿರಲು ಹೇಳಿ ಮತ್ತೆ ಹೊಳೆಗೆ ಓಡಿದೆ. ಕಾಲಿನಿಂದ, ಕೈಯಿಂದ ತಡಕಿದೆ. ಹೊಳೆ ಹರಿಯುತ್ತಿತ್ತು, ಅಷ್ಟೇ. ನಾಳೆ ಗುಟ್ಟಾಗಿ ಮಠಕ್ಕೆ ಹೋಗಿ ಬೇರೆ ಕಟ್ಟಿಸಿದರಾಯಿತು ಎಂದುಕೊಂಡು ಬಂದು, ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಗಂಭೀರವಾಗಿ ಕೂತೆ.

ಸಂಜೆ ನಿನ್ನ ಅಜ್ಜಿ ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡವಳು ಚೀರಿದಳು, "ಏ, ಕೂಸಿನ ಕೊಳ್ಳಾಗ ಲಿಂಗ ಎಲ್ಲಿ?"

ಆ ಕ್ಷಣ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ನಿನ್ನ ಅವ್ವ ನನಗಿಂತ ಮೊದಲೇ ಮಾತಾಡಿದಳು. ಹೊಲದಿಂದ ಬಂದವಳು ಇನ್ನೂ ಕಾಲು ತೊಳೆದಿರಲಿಲ್ಲ.

"ಮುಂಜಾನಿ ನಾನೇ ಎರದೀನ್ರಿ ಅತ್ತಿ... ಎಣ್ಣಿ ಕೈ... ನನ್ನ ಕೈಲೇ ಜಾರ್ಯಾದ."

ಹೀಗೆ ಹೇಳಿ ಬಚ್ಚಲಿಗೆ ಓಡಿದಳು. ಮೋರಿಯ ಬಾಯಿಯಿಂದ ಹಿತ್ತಲಿನ ಗುಂಡಿಯವರೆಗೆ ಕೆಸರನ್ನು ಕೈಯಿಂದಲೇ ತೋಡತೊಡಗಿದಳು. ನಾನು ಏನು ಮಾಡಿದೆ ಗೊತ್ತೇ, ಗುರವ್ವ? ಜೋಳ ಸಾಣಿಸುವ ಜರಡಿ ತಂದೆ. ಅವಳು ತೋಡಿ ತೋಡಿ ಹಾಕಿದ ಕೆಸರನ್ನು ನೀರು ಬಿಟ್ಟು ಜಾಲಿಸಿದೆ. ಪ್ರತಿಯೊಂದು ಹರಳನ್ನೂ ಬೆಳಕಿಗೆ ಹಿಡಿದು ನೋಡಿದೆ. ಇಲ್ಲವೆಂದು ಗೊತ್ತಿದ್ದದ್ದನ್ನು ಅಷ್ಟು ಶ್ರದ್ಧೆಯಿಂದ ಹುಡುಕಿದವನು ನಿಜಾಮರ ಸೀಮೆಯಲ್ಲಿ ಬೇರೊಬ್ಬ ಇರಲಿಕ್ಕಿಲ್ಲ.

ನನ್ನ ತಾಯಿ ಬಚ್ಚಲ ಬಾಗಿಲಲ್ಲಿ ನಿಂತು ಹೇಳಿದ ಮಾತು — ಸತ್ತವಳ ಮೇಲೆ ತಪ್ಪು ಹಾಕುತ್ತಿಲ್ಲ, ಅದನ್ನು ಆಡಿಸಿದ್ದು ನನ್ನ ಮೌನ — "ಲಿಂಗ ಉಳಸಿಕೊಳ್ಳಲಾರದ ಕೈ, ಕೂಸಿನ ಉಳಸ್ತಾವೇನ?"

ಅಂದೇ ನಿನಗೆ ಜ್ವರ ಬಂತು. ಹೊಳೆಯ ನೀರಿನ ಜ್ವರ. ಅದೂ ನನಗೊಬ್ಬನಿಗೇ ಗೊತ್ತು. ಮಠದ ಅಯ್ಯನವರು ಬಂದು ಹೊಸ ಲಿಂಗ ಕಟ್ಟಿದರು. ದೊಡ್ಡ ಮನಸ್ಸಿನವರು. "ಹೋದದ್ದು ಹೋಯ್ತವ್ವ. ಕೂಸಿಗಿ ಏನ್ ಪಾಪ, ನಿನಗರ ಏನ್ ಪಾಪ? ಅಳಬ್ಯಾಡ" ಅಂದರು. ಅವಳು ಅಳುತ್ತಿರಲಿಲ್ಲ. ಎರಡೂ ಅಂಗೈ ಮುಂದೆ ಚಾಚಿ ಅವನ್ನೇ ನೋಡುತ್ತಿದ್ದಳು. ಮೂರನೆಯ ದಿನ ಜ್ವರ ಇಳಿಯಿತು. ನೀನು ಉಳಿದೆ. ಆದರೆ ಆ ಕೈಗಳಲ್ಲಿ ನೀನು ಮತ್ತೆ ಸ್ನಾನ ಮಾಡಲಿಲ್ಲ.

ನಿನಗೆ ನೆನಪಿಲ್ಲದ್ದು ಅದಕ್ಕೇ, ಮಗಳೇ. ಅಜ್ಜಿ ಎರೆಯುತ್ತಿದ್ದಳು. ನಿನ್ನ ಅವ್ವ ನೀರು ಕಾಸುವಳು, ಬಚ್ಚಲ ಹೊಸ್ತಿಲವರೆಗೆ ತರುವಳು, ಅಲ್ಲಿ ನಿಲ್ಲುವಳು. ನಿನ್ನ ಅಳು ಕೇಳಿದರೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು — ಒದ್ದೆಯಾಗದ ಕೈಯನ್ನು. ನಿನ್ನ ನಂತರ ನಮಗೆ ಮಕ್ಕಳಾಗಲಿಲ್ಲ. ಅವಳಿಗಿದ್ದದ್ದು ನೀನೊಬ್ಬಳೇ.

ಒಂದು ಮುಂಜಾನೆ ಹೊಸ್ತಿಲ ಬಳಿ ಹಾಗೆ ನಿಂತವಳನ್ನು ನೋಡಲಾಗದೆ, ಖಾಲಿ ಕೊಡ ಎತ್ತಿಕೊಂಡು ಬಾವಿಗೆ ಹೋದೆ. ರುಮಾಲು ಸುತ್ತಿಕೊಂಡ ಕಚೇರಿಯ ಮನುಷ್ಯ ಹೆಗಲ ಮೇಲೆ ತಾಮ್ರದ ಕೊಡ ಹೊತ್ತು ಬೀದಿಯಲ್ಲಿ ನಡೆದದ್ದು ಊರಿಗೆ ವಾರಕ್ಕಾಗುವಷ್ಟು ನಗೆ ಕೊಟ್ಟಿತು. ಬಾವಿಕಟ್ಟೆಯ ಹೆಂಗಸರಲ್ಲಿ ಒಬ್ಬಳಂತೂ, "ಯಾಕ್ರಿ ಮುನ್ಶಿಯವರ, ಕಚೇರಿ ಬಿಟ್ಟು ನೀರ ಹೊರೋ ಭಿಸ್ತಿ ಆದ್ರೇನು? ತೊಗಲಿನ ಚೀಲ ಕೊಡಸ್ಲೇನು?" ಎಂದಳು. ಮತ್ತೊಬ್ಬಳು, "ಸುಮ್ಮನಿರ ಎವ್ವಾ. ಹೇಣ್ತಿ ಮ್ಯಾಲ ಭಾಳ ಜೀವ ಅವ್ರದು" ಎಂದಳು. ಮೊದಲನೆಯ ಮಾತಿಗೆ ನಾನು ನಕ್ಕೆ. ಎರಡನೆಯದು ಇಂದಿಗೂ ಚುಚ್ಚುತ್ತದೆ.

ಮೊದಲ ಆರು ತಿಂಗಳು ಅದು ನನಗೆ ನಾನೇ ವಿಧಿಸಿಕೊಂಡ ಜುಲ್ಮಾನೆ. ದಿನಕ್ಕೆ ಆರು ಕೊಡ. ಆಮೇಲೆ ಏನಾಯಿತೋ... ಬೇಸಿಗೆಯಲ್ಲಿ ಬಾವಿ ಇಂಗಿದಾಗ ಕಾಗಿಣೆಯ ಮರಳಿನಲ್ಲಿ ಗುಂಡಿ ತೋಡಿ, ತೆಂಗಿನ ಚಿಪ್ಪಿನಿಂದ ನೀರು ಮೊಗೆಯಬೇಕಿತ್ತು. ಅದೇ ಹೊಳೆ. ನೀರು ತನಗೆ ಮನಸ್ಸು ಬಂದಾಗ ಒಸರುತ್ತದೆ. ಸಾಹೇಬನಿರಲಿ, ಉಮೇದವಾರನಿರಲಿ, ಅದರ ಮುಂದೆ ಕುಕ್ಕರಗಾಲಿನಲ್ಲಿ ಕಾಯಬೇಕು. ಸಲಾಮಿಗೆ ಅದು ಬಗ್ಗುವುದಿಲ್ಲ. ಹಾಗೆ ಕಾಯುತ್ತ ಕೂತಾಗ ಒಳಗೆ ಏನೋ ತಿಳಿಯಾಗುತ್ತ ಬಂತು. ಮಠದಲ್ಲಿ ಕೂತು ಸಿಗದ ನೆಮ್ಮದಿ, ಸೊಂಟ ನೋಯಿಸುವ ಆ ಕೆಲಸದಲ್ಲಿ ಸಿಕ್ಕಿತು. ಮನೆಗೆ ಬಂದರೆ ನಿನ್ನ ಅವ್ವ ಹೊಸ್ತಿಲಲ್ಲಿ ಕಾದಿದ್ದು ಕೊಡ ಇಳಿಸಿಕೊಳ್ಳುತ್ತಿದ್ದಳು. ಎರಡು ಮಾತು, ಒಂದು ನಗೆ. ನಮ್ಮ ಸಂಸಾರದ ಒಳ್ಳೆಯ ದಿನಗಳೆಲ್ಲ ಆ ಕೊಡ ಹೆಗಲಿನಿಂದ ಇಳಿಯುವ ಹೊತ್ತಿನಲ್ಲೇ ಇದ್ದವು ಎನ್ನಬೇಕು. ನೌಕರಿ ಕಾಯಂ ಆಯಿತು. ಊರಿನವರು ನನ್ನನ್ನು ಶರಣ ಮನುಷ್ಯ ಎನ್ನತೊಡಗಿದರು. ನಾನೂ ಬೇಡವೆನ್ನಲಿಲ್ಲ.

ಇಲ್ಲಿಯೇ ನನ್ನ ಎರಡನೆಯ ತಪ್ಪು. ನೀರು ಹೊತ್ತು ಹೊತ್ತು ನಾನು ಹಗುರಾದೆ. ಹಗುರಾದ ಮೇಲೆ ಹೇಳುವ ಅವಸರ ಹೋಯಿತು. ಗಾಯ ಅವಳದು, ಮಾಯ್ದದ್ದು ನನ್ನದು — ಇದನ್ನು ಹತ್ತೊಂಬತ್ತು ವರ್ಷ ನೆಮ್ಮದಿ ಎಂದು ಕರೆದುಕೊಂಡು ಬದುಕಿದೆ.

ನಿನ್ನ ಮೊದಲ ಬಾಣಂತನ ನಿನಗೆ ನೆನಪಿದೆ. ಅಷ್ಟೊತ್ತಿಗೆ ಅಜ್ಜಿ ತೀರಿಹೋಗಿದ್ದಳು. ಎರೆಯಲು ಬರುತ್ತಿದ್ದ ಸಾಬವ್ವ, ತನ್ನ ಮಗಳಿಗೆ ಹುಷಾರಿಲ್ಲವೆಂದು ಚಿತ್ತಾಪುರಕ್ಕೆ ಹೋದಳು. ಬೇರೆ ಯಾರನ್ನಾದರೂ ಕರೆತರಲು ನಾನು ಓಣಿಯೆಲ್ಲ ಅಲೆದೆ. "ಮನ್ಯಾಗ ಅಜ್ಜಿ ಗಟ್ಟಿಮುಟ್ಟಾಗಿ ಕುಂತಾಳ, ಮೊಮ್ಮಗನಿಗಿ ನಾವ್ ಎರೀಬೇಕೇನ್ರಿ?" ಎಂದು ಅಂದು ಕಳಿಸಿದರು. ನಾನು ಮನೆಗೆ ಬಂದಾಗ ನೀನು ಹೊರಸಿನ ಮೇಲಿಂದ ಹೇಳುತ್ತಿದ್ದೆ, "ನನಗಂತೂ ಎರೀಲಿಲ್ಲ, ಹೋಗ್ಲಿ. ನನ್ನ ಕೂಸಿಗ್ಯಾದ್ರೂ ಎರಿಯವ್ವ."

"ನನ್ನ ಕೈ ಸರಿ ಇಲ್ಲ ಗುರವ್ವ" ಎಂದಳು ನಿನ್ನ ಅವ್ವ.

ನೀನು ಗೋಡೆಯ ಕಡೆ ಮುಖ ತಿರುಗಿಸಿದೆ. ಅವಳು ಬಚ್ಚಲಿಗೆ ಹೋಗಿ ಹಂಡೆಯ ಕೆಳಗೆ ತೊಗರಿಕಟ್ಟಿಗೆ ತುರುಕುತ್ತ ಕೂತಳು. ನಾನು ಹಿಂದೆಯೇ ಹೋದೆ. ಯಾವ ಪೀಠಿಕೆಯೂ ಹೊಳೆಯಲಿಲ್ಲ.

"ಅವತ್ತ ಲಿಂಗ ನಿನ್ನ ಕೈಲೆ ಹೋಗಿಲ್ಲ. ನಾ ಹೊಳಿಗಿ ಒಯ್ದಿದ್ದೆ. ಬಿಚ್ಚಿ ರುಮಾಲಿನಾಗ ಇಟ್ಟಿದ್ದೆ. ನಾ ಕಳದೀನಿ."

ಅವಳು ತಿರುಗಲಿಲ್ಲ. ಕಟ್ಟಿಗೆ ಚಟಪಟ ಎಂದವು. ಬೆಂಕಿಯ ಕಡೆ ನೋಡುತ್ತಲೇ ಅಂದಳು, "ಅವತ್ತ ನೀವ ಜರಡಿ ಹಿಡದಿದ್ರಿ."

"ಹೂಂ."

"ಒಂದೊಂದ ಹರಳ ನೋಡಿ, ಇಲ್ಲ, ಇಲ್ಲ ಅಂತಿದ್ರಿ."

"ಹೂಂ."

"ಹತ್ತೊಂಬತ್ತ ವರ್ಷ ನಾ ಈ ಕೈಗೆ ಶಾಪ ಹಾಕೀನ್ರಿ" ಎಂದಳು. ಅಷ್ಟೇ. ಅಳಲಿಲ್ಲ, ಕೂಗಾಡಲಿಲ್ಲ. ಎರಡೂ ಅಂಗೈ ಮೇಲೆ ಮಾಡಿ, ಬೆಂಕಿಯ ಬೆಳಕಿಗೆ ಹಿಡಿದು ನೋಡಿಕೊಂಡಳು — ಯಾರದೋ ಮನೆಯಲ್ಲಿ ಬಿಟ್ಟುಬಂದ ವಸ್ತು ತಿರುಗಿ ಸಿಕ್ಕವರ ಹಾಗೆ. ಕ್ಷಮಿಸು ಎಂಬ ಮಾತು ನನ್ನ ಗಂಟಲಿನಲ್ಲಿತ್ತು. ಅದನ್ನು ಕೇಳಲು ಅವಳಿಗೆ ಪುರಸೊತ್ತು ಇರಲಿಲ್ಲ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಬಚ್ಚಲ ಕಲ್ಲಿನ ಮೇಲೆ ಕೂತು, ಎರಡೂ ಕಾಲು ನೀಡಿ ಚಾಚಿದಳು.

"ಕೂಸಿನ ತರ್ರಿ. ನೀರ ನೀವ ಹಾಕ್ರಿ." ನಾನು ತಿರುಗುವಷ್ಟರಲ್ಲಿ ಮತ್ತೆ — "ಮೊದಲ ಆ ರುಮಾಲು ತೆಗದು ಹೊರಗ ಇಟ್ಟು ಬರ್ರಿ."

ಇಟ್ಟು ಬಂದೆ. ಬರಿದಲೆಯಲ್ಲಿ ನಿಂತು ತಂಬಿಗೆ ತಂಬಿಗೆ ನೀರು ಹಾಕಿದೆ. ಎಡಗೈಯಿಂದ ಕೂಸಿನ ಕೊರಳಿನ ಲಿಂಗ ಮುಚ್ಚಿಹಿಡಿದು, ಬಲಗೈಯಿಂದ ಬೆನ್ನು, ತೋಳು, ತೊಡೆ ನೀವಿ ನೀವಿ ಎರೆದಳು. ಒಂದು ಸಲವೂ ಕೈ ಜಾರಲಿಲ್ಲ. ಒಳಗೆ ಮಲಗಿದ್ದ ನಿನಗೆ ಕೇಳಿಸಿದ್ದು ಬರೀ ನೀರಿನ ಸಪ್ಪಳ.

ಇದನ್ನು ನಿನಗೆ ಯಾಕೆ ಹೇಳಲಿಲ್ಲ ಎಂದು ಆಮೇಲೆ ನಾನು ಅವಳನ್ನು ಕೇಳಿದ್ದೆ. "ಹೇಳಿದ್ರ ಆಕಿಗಿ ಅಪ್ಪನ ಮ್ಯಾಲ ಮನಸ್ಸು ಮುರೀತದ. ನನ್ನ ಮ್ಯಾಲ ಮುರದದ್ದು ರೂಢಿ ಆಗ್ಯಾದ, ಇರ್ಲಿ ಬಿಡ್ರಿ" ಎಂದಳು. ಬಿಟ್ಟೆ. ಅದು ಮೂರನೆಯ ತಪ್ಪು. ಇಲ್ಲಿಗೆ ಬಯಾನು ಮುಗಿಯಿತು; ಸಾಕ್ಷಿ ಬೇಕಾದರೆ ಜರಡಿ ಅಟ್ಟದ ಮೇಲಿದೆ.

ನನ್ನ ಮೇಲೆ ಮನಸ್ಸು ಮುರಿದರೆ ಮುರಿಯಲಿ, ಗುರವ್ವ. ಮುಂದಿನ ಕಾಗದದಲ್ಲಿ ತೀರ್ಥರೂಪ ಎಂಬುದನ್ನು ಬಿಟ್ಟು ಬರೆದರೂ ನಡೆಯುತ್ತದೆ. ಆದರೆ ಬಾಣಂತನಕ್ಕೆ ಇಲ್ಲಿಗೇ ಬಾ. ಈ ಸಲ ಸಾಬವ್ವನಿಗೆ ಹೇಳಿಕಳಿಸುವುದಿಲ್ಲ. ಕೂಸಿಗಷ್ಟೇ ಅಲ್ಲ, ಬಾಣಂತಿಗೂ ನಿನ್ನ ಅವ್ವನೇ ಎರೆಯಲಿ. ನಿನ್ನಷ್ಟು ದೊಡ್ಡವಳಿಗೆ ಹೇಗೆ ಎರೆಯುವುದು ಎಂದು ಅವಳು ನಾಚಿ ಹಿಂದೆ ಸರಿದಾಳು. ನೀನೇ ಹೋಗಿ ಆ ಕಲ್ಲಿನ ಮೇಲೆ ಅವಳಿಗೆ ಬೆನ್ನು ಕೊಟ್ಟು ಕೂಡು.

ನೀರು ನಾನು ತಂದಿರುತ್ತೇನೆ.