ರಘುರಾಮರ ಬೆಸುಗೆ

ಚೆನ್ನೈ ತ್ರಿಪ್ಲಿಕೇನ್‌ನ ಆ ಹೋಟೆಲಿನ ಎಸಿ ಹಾಲ್‌ಗೆ ಮೂವತ್ತೊಂದು ಮೆಟ್ಟಿಲು. ರಘುರಾಮರು ಆ ದಿನ ಅವನ್ನು ಮೂರು ಸಲ ಹತ್ತಿದರು: ಮೊದಲು ಉಪಕರಣಗಳ ಚೀಲ, ಆಮೇಲೆ ಅನಿಲ ಹಿಂಪಡೆಯುವ ಯಂತ್ರ, ಕೊನೆಗೆ ನೈಟ್ರೋಜನ್ ಸಿಲಿಂಡರ್. ಮೂರನೆಯ ಸಲ ನಡುವೆ ಎರಡು ಕಡೆ ಕೂತರು. ವಯಸ್ಸು ಐವತ್ತೆಂಟು. ಎಡಗಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷವಾಗಿತ್ತು.

ಹದಿನೇಳನೆಯ ವಯಸ್ಸಿನಲ್ಲಿ ಕಾರ್ಕಳದಿಂದ ಬಂದು ಇದೇ ಹೋಟೆಲಿನಲ್ಲಿ ಲೋಟ ತೊಳೆದವರು. ಕೆಟ್ಟ ಫ್ರಿಜ್ ರಿಪೇರಿಗೆ ಬಂದವನ ಪಕ್ಕ ನಿಂತು ಕೆಲಸ ಕಲಿತು, ಸಂಜೆ ತರಗತಿಯಲ್ಲಿ ಸರ್ಟಿಫಿಕೇಟ್ ಪಡೆದರು. ಹೋಟೆಲಿನ ಎಸಿಗಳನ್ನು ಇಪ್ಪತ್ತೆರಡು ವರ್ಷಗಳಿಂದ ಅವರೇ ನೋಡಿಕೊಳ್ಳುತ್ತಿದ್ದರು. ಆದರೆ ಈ ಹಾಲ್‌ನ ಎಸಿಯಿಂದ ಹದಿನಾಲ್ಕು ತಿಂಗಳಲ್ಲಿ ಮೂರನೆಯ ಸಲ ಅನಿಲ ಸೋರಿಹೋಗಿತ್ತು. ಹಿಂದಿನ ಎರಡೂ ಸಲ ಸೋರುವ ಜಾಗ ಸಿಕ್ಕಿರಲಿಲ್ಲ. ಅನುಮಾನದ ಮೇಲೆ ತಮ್ಮದೇ ಹಳೆಯ ಬೆಸುಗೆಯನ್ನು ಬಿಚ್ಚಿ ಮತ್ತೆ ಹಾಕಿ, ಯಜಮಾನರ ಅವಸರಕ್ಕೆ ಅನಿಲ ತುಂಬಿ ಹೋಗಿದ್ದರು. ಹಾಗೆ ತುಂಬಬಾರದೆಂದು ಅವರಿಗೆ ಗೊತ್ತಿತ್ತು.

ಮನೆಯಿಂದ ಹೊರಡುವಾಗ ಹೆಂಡತಿ ವಿಮಲಾಗೆ ಹೇಳಿದ್ದರು: "ಇವತ್ತು ನನ್ನ ಬೆಸುಗೆಯಲ್ಲೇ ಸೋರ್ತಾ ಉಂಟು ಅಂತ ಕಂಡ್ರೆ ಬೆಸೆಯುವ ಟಾರ್ಚ್ ಕೆಳಗಿಡ್ತೇನೆ. ಕೈ ಹೋಯ್ತು ಅಂತ ಲೆಕ್ಕ."

"ಇಟ್ಟು ಎಂತ ಮಾಡ್ತೀರಿ? ಮನೇಲಿ ಕೂತು ನನ್ನ ತಲೆ ತಿನ್ಲಿಕ್ಕಾ?"

ಯಾವಾಗಲೂ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಬರುತ್ತಿದ್ದವರು ಆ ದಿನ ಬೆಳಿಗ್ಗೆ ಐದೂವರೆಗೇ ಬಂದದ್ದು ಸಮಯ ಬೇಕೆಂದು. ಹಾಲ್ ತೆರೆಯುವುದು ಹನ್ನೊಂದಕ್ಕೆ. ಬಾಗಿಲು ತೆಗೆದಾಗ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಗೋಡೆಯ ಎಸಿಯ ನೇರ ಕೆಳಗೆ ದೋಸೆ ಹಿಟ್ಟಿನ ಎರಡು ದೊಡ್ಡ ಪಾತ್ರೆಗಳಿದ್ದವು. ಅಡುಗೆಯ ಜಯರಾಮರು ದೇವರ ಪಟಕ್ಕೆ ದೀಪ ಹಚ್ಚುತ್ತಿದ್ದರು.

"ದೀಪ ಕೆಳಗೆ ಕೊಂಡೋಗಿ ಮಾರಾಯ್ರೆ. ಈ ಗ್ಯಾಸಿಗೆ ಬೆಂಕಿ ಹಿಡೀತದೆ," ಎಂದು ರಘುರಾಮರು ಕಿಟಕಿಗಳನ್ನೆಲ್ಲ ತೆರೆದರು. "ಹಿಟ್ಟು ಎಂತಕ್ಕೆ ಇಲ್ಲಿ?"

"ಕೆಳಗಿಟ್ರೆ ಈ ಸೆಕೆಗೆ ಬೆಳಗಾಗೋದ್ರೊಳಗೆ ಹುಳಿ ಏರ್ತದೆ. ರಾತ್ರಿ ಹಾಲ್ ಮುಚ್ಚಿದ ಮೇಲೂ ಇಲ್ಲಿ ತಂಪು ಉಳೀತದಲ್ಲ. ಈಗ ನಿಮ್ಮ ಎಸಿ ಮಲಗಿ ನಾಲ್ಕು ದಿನ ಆಯ್ತು, ದೋಸೆ ತಿಂದವರೆಲ್ಲ ನನ್ನ ಮುಖ ನೋಡ್ತಾರೆ."

"ಯಾವಾಗಿಂದ ಇಡ್ತಿದ್ದೀರಿ?"

"ಹೋದ ವರ್ಷ ಕೆಳಗೆ ದೊಡ್ಡ ಗ್ರೈಂಡರ್ ಬಂದು ಜಾಗ ಹೋಯ್ತಲ್ಲ, ಆಗಿಂದ."

ರಘುರಾಮರು ಪಾತ್ರೆಗಳನ್ನು ಪಕ್ಕಕ್ಕೆ ಸರಿಸಿದರು. ವಿದ್ಯುತ್ ಕಡಿದು, ಉಳಿದಿದ್ದ ಅನಿಲವನ್ನು ಗಾಳಿಗೆ ಬಿಡದೆ ಖಾಲಿ ಸಿಲಿಂಡರಿಗೆ ಹಿಂಪಡೆದರು. ನಂತರ ಹಿಂದೆ ಮಾಡದಿದ್ದ ಒಂದು ಕೆಲಸ ಮಾಡಿದರು. ಗೋಡೆಯ ಯಂತ್ರದೊಳಗಿನ ತಾಮ್ರದ ಸುರುಳಿಯನ್ನು ಹೊರಗಿನ ಕೊಳವೆಯಿಂದ ಬಿಡಿಸಿ, ಎರಡರ ತುದಿಗಳನ್ನೂ ಮುಚ್ಚಿ, ಎರಡಕ್ಕೂ ಒತ್ತಡ ತೋರಿಸುವ ಬೇರೆ ಬೇರೆ ಗೇಜ್ ಹಾಕಿದರು. ರೆಗ್ಯುಲೇಟರ್ ಮೂಲಕ, ಯಂತ್ರದ ಮೇಲೆ ಬರೆದ ಮಿತಿ ದಾಟದಂತೆ, ನೈಟ್ರೋಜನ್ ತುಂಬಿದರು. ಯಾವುದು ಸೋರುತ್ತದೋ ಅದರ ಮುಳ್ಳು ಇಳಿಯಬೇಕು; ಅವರ ಬೆಸುಗೆ ಇದ್ದದ್ದು ಕೊಳವೆಯಲ್ಲಿ. ಎರಡೂ ಮುಳ್ಳುಗಳ ಅಂಕೆಯನ್ನು, ಕೋಣೆಯ ಉಷ್ಣತೆಯನ್ನು ಒಂದು ಚೀಟಿಯಲ್ಲಿ ಬರೆದು, ಕುರ್ಚಿ ಎಳೆದು ಕೂತರು. ಬಿಸಿ ಏರಿದರೆ ಒತ್ತಡವೂ ಏರುತ್ತದೆ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಎರಡನ್ನೂ ಬರೆಯಬೇಕು.

ಎಂಟಕ್ಕೆ ಯಜಮಾನರ ಮಗ ಪ್ರವೀಣ್ ಮೇಲೆ ಬಂದ. ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲೇ, ಮಾತಿನಲ್ಲಿ ತಮಿಳು ಬೆರೆಯುತ್ತಿತ್ತು.

"ಎನ್ನ ಮಾಮಾ, ಸುಮ್ನೆ ಕೂತಿದ್ದೀರಾ? ನಿಮ್ಮ ಗ್ಯಾಸ್ ನಮ್ಮ ಅಡುಗೆ ಸಿಲಿಂಡರ್‌ಗಿಂತ ಸೀಕ್ರಂ ಖಾಲಿ ಆಗ್ತದೆ. ಇವತ್ತಿಗೆ ತುಂಬಿಸಿಬಿಡಿ, ಆಮೇಲೆ ನೋಡುವಾ."

"ಎರಡು ಸಲ ಹಾಗೇ ಮಾಡಿದ್ದು. ಇನ್ನು ಇಲ್ಲ."

"ಬೇರೆಯವರನ್ನ ಕರೀಬೇಕಾಗ್ತದೆ ಮಾಮಾ. ಅಪ್ಪನೇ ಹೇಳಿದ್ದು."

"ಕರೀರಿ. ಹತ್ತೂವರೆಗೆ ಈ ಎರಡು ಮುಳ್ಳು ನೋಡಿ, ಆಮೇಲೆ ಕರೀರಿ."

ಪ್ರವೀಣ್ ಇಳಿದುಹೋದ. ರಘುರಾಮರು ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡರು. ಎಂಟೂವರೆಗೆ ಎದ್ದು ಎರಡೂ ಅಂಕೆಗಳನ್ನು ಚೀಟಿಗೆ ಸೇರಿಸಿದರು.

ಒಂಬತ್ತಕ್ಕೆ ಸುರುಳಿಯ ಮುಳ್ಳು ಒಂದು ಗೆರೆಯಷ್ಟು ಇಳಿದಿತ್ತು. ಒಂಬತ್ತೂವರೆಗೆ ಎರಡು ಗೆರೆ. ಕೋಣೆ ಮಾತ್ರ ಬಿಸಿಯಾಗುತ್ತಲೇ ಇತ್ತು. ಕೊಳವೆಯ ಮುಳ್ಳು ಕೂದಲೆಳೆಯಷ್ಟು ಏರಿತ್ತು, ಆ ಬಿಸಿಗೆ ಏರಬೇಕಾದಷ್ಟೇ. ಸುರುಳಿಯ ಹಿಂಬದಿಗೆ ಸಾಬೂನು ನೀರು ಹಚ್ಚಿ, ಟಾರ್ಚ್ ಲೈಟ್ ಹಿಡಿದು ಬಹಳ ಹೊತ್ತು ನೋಡಿದರು. ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ಎದ್ದಿತು. ಅದರ ಪಕ್ಕದಲ್ಲೇ ಇನ್ನೊಂದು.

ಹತ್ತೂವರೆಗೆ ಪ್ರವೀಣ್ ಬಂದು ಎರಡೂ ಗೇಜ್‌ಗಳನ್ನು ಚೀಟಿಯೊಡನೆ ಹೋಲಿಸಿ ನೋಡಿದ. ಮೊದಲ ಸಲ ದನಿ ತಗ್ಗಿತು.

"ಹಾಗಾದ್ರೆ ನಿಮ್ಮ ಜಾಯಿಂಟ್ ಅಲ್ಲ. ಮತ್ತೆ ಸುರುಳಿ ಯಾಕೆ ತೂತಾಯ್ತು?"

"ಹಿಟ್ಟು ಹುದುಗುವಾಗ ಹುಳಿ ಆವಿ ಬರ್ತದೆ. ಅದೂ ತೇವವೂ ಸೇರಿ ತಾಮ್ರದ ಒಳಗೆ ಇರುವೆ ಗೂಡಿನ ಹಾಗೆ ಸುರಂಗ ಕೊರೀತದಂತೆ. ನಾನು ಓದಿದ್ದು, ಪರೀಕ್ಷೆ ಮಾಡ್ಸಿದ್ದಲ್ಲ. ಆದ್ರೆ ಹಿಟ್ಟು ಮೇಲೆ ಬಂದದ್ದೂ ಸೋರ್ಲಿಕ್ಕೆ ಶುರುವಾದದ್ದೂ ಒಂದೇ ವರ್ಷ."

"ಅಯ್ಯೋ! ದೋಸೆ ಹಿಟ್ಟು ಎಸಿ ತಿಂತಾ?" ಪ್ರವೀಣ್ ನಕ್ಕು, ಮೆಟ್ಟಿಲ ಬಳಿ ನಿಂತಿದ್ದ ಜಯರಾಮರತ್ತ ನೋಡಿದ. ಅವರು ನಗಲಿಲ್ಲ.

"ಅವರನ್ನ ಬೈಬೇಡಿ," ಎಂದರು ರಘುರಾಮರು. "ಬಾಟಲಿ ಇಡುವ ಹಳೇ ಕೂಲರ್ ಉಂಟಲ್ಲ, ಅದನ್ನ ಸರಿ ಮಾಡಿ ಕೊಡ್ತೇನೆ. ಹಿಟ್ಟು ಅದ್ರಲ್ಲಿರ್ಲಿ."

ಹೊಸ ಸುರುಳಿ ಬರಲು ಐದು ದಿನ ಹಿಡಿಯಿತು. ಮತ್ತೆ ಅದೇ ಮೂವತ್ತೊಂದು ಮೆಟ್ಟಿಲು, ಅದೇ ನೈಟ್ರೋಜನ್, ಅದೇ ಕಾಯುವಿಕೆ. ನಂತರ ಪಂಪ್ ಹಚ್ಚಿ ಒಳಗಿನ ಗಾಳಿ, ತೇವವನ್ನೆಲ್ಲ ಎಳೆದು, ಪಂಪ್ ನಿಲ್ಲಿಸಿದ ಮೇಲೂ ನಿರ್ವಾತ ನಿಂತದ್ದನ್ನು ನೋಡಿ, ಲೇಬಲ್‌ನಲ್ಲಿದ್ದಷ್ಟೇ ಅನಿಲವನ್ನು ತಕ್ಕಡಿಯಲ್ಲಿ ತೂಗಿ ತುಂಬಿದರು. ತಣ್ಣನೆಯ ಗಾಳಿ ಬಂದಾಗ ಜಯರಾಮರು ಒಂದು ಲೋಟ ಕಾಫಿ ತಂದಿಟ್ಟರು.

ವಿಮಲಾ ಫೋನ್ ಮಾಡಿದರು. "ಎಂತ ಆಯ್ತು?"

"ಬೆಸುಗೆ ಹಿಡ್ದದೆ. ಕೈ ಸರಿ ಉಂಟು."

"ಹಾಗಾದ್ರೆ ನಾಳೆ ಮನೇಲಿ ಕೂರುದಿಲ್ಲ."

"ಇಲ್ಲ. ಕ್ರೋಂಪೇಟೆಗೆ ಒಂದು ಎಸಿ ನೋಡ್ಲಿಕ್ಕೆ ಹೋಗ್ಲಿಕ್ಕುಂಟು. ಮೂರನೇ ಮಹಡಿ. ಲಿಫ್ಟ್ ಇಲ್ಲ."